ಬಿಚ್ಚುವ ಕೈ

ನಮ್ಮ ಮನೆಯ ಬಚ್ಚಲಿಗೆ ಶವರ್ ಬಂದದ್ದು ನನ್ನ ಗಂಡ ತೀರಿಹೋದ ಮೇಲೆ. ಅವರಿದ್ದಾಗ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ಊರಲ್ಲಿ ಎಷ್ಟೋ ಮನೆಗಳಿಗೆ ಶವರ್ ಕೂರಿಸಿದ ಪ್ಲಂಬರ್ ಮೇಸ್ತ್ರಿಯ ಹೆಂಡತಿ ನಾನು, ನನ್ನ ಸ್ನಾನಕ್ಕೆ ಮಾತ್ರ ಅದೇ ಬಕೆಟ್ಟು, ಅದೇ ಹಿಡಿ ಮುರಿದ ಮಗ್ಗು. ಕೇಳಿದರೆ "ನಾಳೆ ನೋಡೋಣ" ಅನ್ನುತ್ತಿದ್ದರು. ಆ ಮನುಷ್ಯನಿಗೆ ನಾಳೆಗಳಿಗೇನೂ ಬರ ಇರಲಿಲ್ಲ. ಒಂದು ಸಂಜೆ ಯಾರದೋ ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿಗೆ ಒರಗಿಸಿದ ಏಣಿಯಿಂದ ಬಿದ್ದರು. ಜೊತೆಯಲ್ಲಿ ಯಾರೂ ಇರಲಿಲ್ಲ. ಅಲ್ಲಿಗೆ ನಾಳೆಗಳು ಮುಗಿದವು.

ಆ ಮನೆಯ ಕೆಲಸ ಅವತ್ತು ಮಧ್ಯಾಹ್ನವೇ ಮುಗಿದಿತ್ತು. ಮುಗಿಸಿ ಬಂದವನು ಅವರ ತಮ್ಮ, ನನ್ನ ಮೈದುನ. ಮುಗಿದ ಕೆಲಸಕ್ಕೆ ಇವರು ಮತ್ತೆ ಯಾಕೆ ಹೋದರು, ಒಬ್ಬರೇ ಏಣಿ ಯಾಕೆ ಹತ್ತಿದರು ಅನ್ನುವುದು ಯಾರಿಗೂ ತಿಳಿಯಲಿಲ್ಲ. ಸಾವಿಗೆ ಬಂದವರೆಲ್ಲ ಅದನ್ನೇ ಕೇಳಿದರು. ಎಲ್ಲರೂ ಹೊರಟುಹೋದ ಮೇಲೆ ಆ ಪ್ರಶ್ನೆ ನಮ್ಮ ಮನೆಯಲ್ಲೇ ಉಳಿಯಿತು. ನಾನು ಹೊಲಿಗೆ ಕೆಲಸದವಳು. ಮಷೀನು ತುಳಿಯುವಾಗ ತಲೆ ಖಾಲಿ ಇರುತ್ತದೆ, ಕಂಡದ್ದೆಲ್ಲ ಬಂದು ಅಲ್ಲಿ ಕೂರುತ್ತದೆ.

ನನ್ನ ಗಂಡನನ್ನು ಜನ ಎಡಚ ಮೇಸ್ತ್ರಿ ಅನ್ನುತ್ತಿದ್ದರು. ಊಟ ಬಿಟ್ಟು ಬೇರೆ ಎಲ್ಲ ಎಡಗೈಯಲ್ಲೇ. ಮೈದುನ ಸಣ್ಣ ಮೇಸ್ತ್ರಿ. ಅವನು ಬಲಗೈಯವನು, ಅಣ್ಣನಿಗಿಂತ ಎತ್ತರ, ಅಣ್ಣನಿಗಿಂತ ಮಾತು ಜಾಸ್ತಿ. ಅಣ್ಣನೇ ಅವನಿಗೆ ಕೆಲಸ ಕಲಿಸಿದ್ದು. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋಗಿ ಒಂದೇ ಸ್ಕೂಟರಿನಲ್ಲಿ ಬರುತ್ತಿದ್ದರು. ನಮ್ಮತ್ತೆ ಬಾಗಿಲಲ್ಲಿ ಕೂತು ಆ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದರು. ಅದು ನಮ್ಮ ಮನೆಯ ಗಡಿಯಾರ ಇದ್ದ ಹಾಗೆ.

ಅಣ್ಣ ಹೋದ ಮೇಲೆ ಮೈದುನ ಎಷ್ಟೋ ದಿನ ಸುಮ್ಮನೆ ಕೂತಿದ್ದ. ಒಂದು ಬೆಳಗ್ಗೆ ಎದ್ದವನೇ ಶವರು, ಮಿಕ್ಸರ್ ನಲ್ಲಿ, ಪೈಪು ಎಲ್ಲ ತಂದು ಬಚ್ಚಲಲ್ಲಿ ಇಳಿಸಿದ.

"ಅಣ್ಣ ನಿಮಗೆ ಹಾಕಿಕೊಡ್ತೀನಿ ಅಂದಿದ್ದ ಅಲ್ವಾ ಅತ್ತಿಗೆ. ನಾನು ಹಾಕ್ತೀನಿ."

"ಅವರು ಅಂದಿದ್ದು ನಾಳೆ ಅಂತ ಕಣೋ."

"ಇವತ್ತೇ ನಾಳೆ ಅಂದ್ಕೊಳ್ಳಿ," ಅಂದ. ಸಾವಾದ ಮೇಲೆ ನಾವಿಬ್ಬರೂ ನಕ್ಕದ್ದು ಅವತ್ತೇ ಮೊದಲು.

ಎರಡೇ ದಿನದಲ್ಲಿ ಮುಗಿಸಿದ. ಹಳೇ ನಲ್ಲಿಯ ಜಾಗದಲ್ಲಿ ಗೋಡೆಯಿಂದ ಮೊಣಕೈಯಂತೆ ಬಾಗಿದ ಒಂದು ಎಲ್ಬೋ, ಅದಕ್ಕೆ ಎರಡೂ ತುದಿಗೆ ತಿರುಪಿನ ಥ್ರೆಡ್ ಇರುವ ಗೇಣುದ್ದದ ಪೈಪಿನ ತುಂಡು, ಅಂದರೆ ನಿಪ್ಪಲ್ಲು, ಅದರ ಮುಂದೆ ಮಿಕ್ಸರು, ಮೇಲೆ ಬಾಗಿದ ಕೊಳವೆ, ಅದರ ತುದಿಗೆ ಸೂರ್ಯಕಾಂತಿಯಷ್ಟು ಅಗಲದ ಶವರು. ನೀರು ಬಿಟ್ಟು ತೋರಿಸಿದ. ಎಲ್ಲ ಜಾಯಿಂಟನ್ನೂ ಒಣ ಬಟ್ಟೆಯಿಂದ ಒರೆಸಿ, ಬಟ್ಟೆ ನನ್ನ ಕೈಗೆ ಕೊಟ್ಟ. ಒದ್ದೆ ಇರಲಿಲ್ಲ. ನಾನು ಬಾಗಿಲು ಹಾಕಿಕೊಂಡು ಆ ನೀರಿನ ಕೆಳಗೆ ನಿಂತು ಅತ್ತುಬಿಟ್ಟೆ. ಅಳುವುದಕ್ಕೆ ಬಕೆಟ್ಟಿಗಿಂತ ಶವರು ಒಳ್ಳೆಯದು, ಸದ್ದು ಮುಚ್ಚಿಹೋಗುತ್ತದೆ.

ಮಾರನೆಯ ಮಧ್ಯಾಹ್ನ ಮಷೀನು ನಿಲ್ಲಿಸಿ ದಾರ ಕತ್ತರಿಸುವಾಗ ಕೇಳಿಸಿತು. ಟಪ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಪ್. ಹೋಗಿ ನೋಡಿದರೆ ಎಲ್ಬೋ ಮತ್ತು ನಿಪ್ಪಲ್ಲು ಸೇರುವ ಕಡೆ ಒಂದು ಹನಿ ಊದಿಕೊಳ್ಳುತ್ತಿತ್ತು. ಬಿತ್ತು. ಅದರ ಹಿಂದೆಯೇ ಇನ್ನೊಂದು ಊದಿಕೊಳ್ಳತೊಡಗಿತು.

ಸಂಜೆ ಮೈದುನನಿಗೆ ಹೇಳಿದಾಗ ಮೊದಲು ನಗಾಡಿದ. "ನಾನು ಹಾಕಿದ ಜಾಯಿಂಟಾ? ಸಾಧ್ಯಾನೇ ಇಲ್ಲ." ಆಮೇಲೆ ನೋಡಿದ. ಬಿಚ್ಚಿ, ನೀರು ಸೋರದಿರಲೆಂದು ಥ್ರೆಡ್ಡಿಗೆ ಸುತ್ತುವ ಬಿಳಿ ಟೇಪು ಸುತ್ತಿ, ಬಿಗಿದ. ಒಂದು ರಾತ್ರಿ ಸುಮ್ಮನಿತ್ತು. ಬೆಳಗ್ಗೆ ಮತ್ತೆ ಟಪ್. ಈ ಸಲ ಮಿಕ್ಸರಿನ ಹತ್ತಿರವೂ. ಮತ್ತೆ ಬಿಚ್ಚಿದ, ಟೇಪು ಇನ್ನಷ್ಟು ದಪ್ಪಗೆ ಸುತ್ತಿದ, ರೆಂಚಿಗೆ ಮೈಭಾರ ಕೊಟ್ಟು ಬಿಗಿದ. ಗೋಡೆಯ ಟೈಲ್ಸು ಕಿರ್ ಅಂದಿತು. ಮಾರನೇ ದಿನ ಅದೇ ಹನಿ, ಅದೇ ಜಾಗ.

ಸದ್ದು ಕೇಳದ ಹಾಗೆ ಕೆಳಗೆ ಬಟ್ಟೆ ಹಾಸಿದೆ. ನಮ್ಮತ್ತೆ ಎದ್ದು ಹೋಗಿ ಅದನ್ನು ತೆಗೆದು ಹಿಂಡಿ ಒಣಹಾಕಿದರು.

"ಯಾಕತ್ತೆ?"

"ಕೇಳಿಸಲಿ ಬಿಡೇ. ಅವನೇ ಇರಬೇಕು."

ನಾನು ತಟ್ಟನೆ ಬಚ್ಚಲ ಕಡೆ ತಿರುಗಿದೆ. ಅತ್ತೆ ಮಾತ್ರ, ಹಾಲಿನವನು ಬಂದಿದ್ದಾನೆ ಅಂದಷ್ಟೇ ಸಲೀಸಾಗಿ ಹೇಳಿ ಹೋಗಿ ಮಲಗಿದರು. ಅವತ್ತಿನಿಂದ ಅವರ ಮಂಚ ಬಚ್ಚಲ ಬಾಗಿಲಿಗೆ ಹತ್ತಿರವಾಯಿತು. ಹನಿ ಬಿದ್ದಾಗಲೆಲ್ಲ "ಹೂಂ" ಅನ್ನುತ್ತಿದ್ದರು. ಯಾರೋ ಕಥೆ ಹೇಳುತ್ತಿದ್ದಾರೆ, ಇವರು ಕೇಳುತ್ತಿದ್ದಾರೆ ಅನ್ನುವಂತೆ. ನಾನು ಮಷೀನು ಜೋರಾಗಿ ತುಳಿದು ಆ ಹೂಂಕಾರ ಕಿವಿಗೆ ಬೀಳದ ಹಾಗೆ ನೋಡಿಕೊಂಡೆ. ಆದರೆ ದಿನವಿಡೀ ತುಳಿಯಲು ಆಗುತ್ತದೆಯೇ? ದಾರ ಮುಗಿಯುತ್ತದೆ, ಕಾಲು ಸೋಲುತ್ತದೆ. ನಿಲ್ಲಿಸಿದ ಕೂಡಲೇ ಅದು ಕಾದು ಕೂತವರ ಹಾಗೆ ಶುರು ಮಾಡುತ್ತಿತ್ತು.

ನಮ್ಮ ಮನೆಯದೊಂದೇ ಆಗಿದ್ದರೆ ಹೇಗೋ ಇರುತ್ತಿತ್ತು. ಅಷ್ಟರಲ್ಲಿ ಮೈದುನ ಹೊರಗಿನ ಕೆಲಸಕ್ಕೂ ಹೋಗತೊಡಗಿದ್ದ. ಅಲ್ಲಿಂದಲೂ ಫೋನು ಬರತೊಡಗಿತು. ಮೇಸ್ತ್ರಿ, ಗೀಸರ್ ಹತ್ತಿರ ಜಿನುಗುತ್ತಿದೆ. ಮೇಸ್ತ್ರಿ, ಸಿಂಕಿನ ಕೆಳಗೆ ಬಕೆಟ್ಟು ಇಟ್ಟಿದ್ದೀವಿ. ಸಾವಾದ ಮೇಲೆ ಹಾಕಿದ ಕೆಲಸ ಒಂದೂ ಬಿಡದೆ, ಎಲ್ಲ ಕಡೆಯಿಂದಲೂ ಅದೇ ದೂರು. ಅವನು ಹೋಗಿ ಸರಿಮಾಡಿ ಬರುತ್ತಿದ್ದ, ಎರಡು ದಿನ ಬಿಟ್ಟು ಮತ್ತೆ ಫೋನು. ಕೊನೆಗೆ ಫೋನು ಬಡಿದುಕೊಂಡರೂ ಎತ್ತದೆ ಸುಮ್ಮನೆ ನೋಡುತ್ತ ಕೂರುತ್ತಿದ್ದ. ಊಟ ಕಡಿಮೆಯಾಯಿತು. ಮಾತಿನ ಮಲ್ಲನಾಗಿದ್ದವನ ಬಾಯಿಗೆ ಬೀಗ ಬಿತ್ತು. ಬಚ್ಚಲಿಗೆ ಹೋಗುವಾಗ ಬಾಗಿಲು ಹಾಕಿಕೊಳ್ಳುವುದನ್ನೂ ಬಿಟ್ಟ.

"ಏನೋ ಇದು? ಹೆದರಿಕೆನಾ?" ಅಂತ ಗದರಿದೆ.

ಅವನು ಮೊಣಕಾಲ ಮೇಲೆ ಗಲ್ಲ ಊರಿ ಕೂತಿದ್ದ. "ಅಣ್ಣ ಬಿಚ್ತಾ ಇದಾನೆ ಅತ್ತಿಗೆ."

"ಏನು?"

"ನಾನು ಬಿಗಿದು ಬರ್ತೀನಿ. ನನ್ನ ಹಿಂದೇನೇ ಬಂದು ಬಿಚ್ತಾನೆ. ಎಲ್ಲ ಮನೆಗೂ ಬರ್ತಾನೆ. ನಾನು ಬಿಗಿಯೋದು ನನಗೆ ಗೊತ್ತಿಲ್ವಾ? ಕೈ ನೋಯೋ ಹಾಗೆ ಬಿಗಿದಿರ್ತೀನಿ."

ನಾನು ಅವನ ಪಕ್ಕ ಕೂತೆ. ಅವನು ಹೇಳುತ್ತ ಹೋದ. ಅಣ್ಣ ಬಿದ್ದ ದಿನ ಬೆಳಗ್ಗೆ ಇಬ್ಬರಿಗೂ ಮಾತು ಬಂದಿತ್ತಂತೆ. ಇನ್ನು ನಾನು ಬೇರೆಯಾಗಿ ಕೆಲಸ ಹಿಡಿಯುತ್ತೇನೆ ಅಂತ ಇವನು ಅಂದನಂತೆ. ಇನ್ನೂ ಸ್ವಲ್ಪ ದಿನ ಜೊತೆಗಿರು ಅಂತ ಅಣ್ಣ ಅಂದನಂತೆ. ಇವನಿಗೆ ಸಿಟ್ಟು ನೆತ್ತಿಗೇರಿತು.

"ನಾನು ಹಾಕಿದ ಒಂದೇ ಒಂದು ಜಾಯಿಂಟು ಯಾವತ್ತಾದ್ರೂ ಸೋರಿದೆಯಾ? ಸೋರಿದ್ರೆ ಹೇಳು, ಈ ಕೆಲಸಾನೇ ಬಿಡ್ತೀನಿ ಅಂದೆ. ಅಣ್ಣ ನನ್ನ ಮುಖ ನೋಡಿ ಸುಮ್ಮನೆ ನಕ್ಕ. ಅಷ್ಟೇ. ಆಮೇಲೆ ನಾನು ಆ ಮನೆಗೆ ಹೋಗಿ ಟ್ಯಾಂಕಿನ ಕೆಲಸ ಮುಗಿಸಿ ಬಂದೆ. ಸಂಜೆ ಅವನು ಅಲ್ಲಿ ಬಿದ್ದ." ಬಚ್ಚಲ ಕಡೆ ನೋಡಿ ಅಂದ, "ಈಗ ಸೋರಿಸಿ ತೋರಿಸ್ತಾ ಇದಾನೆ. ನಾನು ಮಾತಿಗೆ ನಿಲ್ಲಬೇಕು. ಕೆಲಸ ಬಿಡ್ತೀನಿ. ಗೋಡೌನಲ್ಲಿ ಮೂಟೆ ಎತ್ತೋಕೆ ಜನ ಬೇಕಂತೆ. ಅಲ್ಲೇ ಮಲಗೋಕೂ ಜಾಗ ಕೊಡ್ತಾರೆ."

"ಮನೇನೂ ಬಿಡ್ತೀಯಾ?"

"ನಾನು ಇಲ್ಲಿದ್ರೆ ಅವನು ಇಲ್ಲಿಂದ ಹೋಗಲ್ಲ."

ಒಬ್ಬನನ್ನು ಕಳೆದುಕೊಂಡಿದ್ದೆವು. ಈಗ ಇನ್ನೊಬ್ಬನೂ ನಮ್ಮ ಕಣ್ಣ ಮುಂದೆಯೇ ಕರಗುತ್ತಿದ್ದಾನೆ ಅನ್ನಿಸಿತು. ಮೂಟೆ ಎತ್ತುವುದಕ್ಕೆ ನನ್ನ ತಕರಾರಿಲ್ಲ. ಆದರೆ ಈ ಬೆದರಿದ ಕಣ್ಣು ಹೊತ್ತುಕೊಂಡು ಇವನು ಮನೆ ಬಿಟ್ಟರೆ ಮತ್ತೆ ಮನುಷ್ಯನಾಗಿ ತಿರುಗಿ ಬರುವುದಿಲ್ಲ ಅಂತ ನನಗೆ ಖಚಿತವಾಗಿತ್ತು. ವಾರ ಮುಗಿಯುವವರೆಗೆ ಇರು ಅಂತ ಹೇಗೋ ಒಪ್ಪಿಸಿದೆ.

ಮಾರನೇ ಮಧ್ಯಾಹ್ನ ಅವನಿಲ್ಲದಾಗ ಬಚ್ಚಲಿಗೆ ಹೋಗಿ ಬಾಗಿಲು ಹಾಕಿದೆ. ನನಗೆ ದೆವ್ವದಲ್ಲಿ ನಂಬಿಕೆ ಇಲ್ಲ, ಆದರೆ ಗಂಡನ ಜೊತೆ ಜಗಳ ಆಡುವುದರಲ್ಲಿ ನಂಬಿಕೆ ಇದೆ.

"ನೀವೇನಾ?" ಅಂದೆ, ಆ ನಿಪ್ಪಲ್ಲಿನ ಕಡೆ ನೋಡಿ. "ಬದುಕಿದ್ದಾಗ ನನಗೊಂದು ಶವರ್ ಹಾಕಿಕೊಡೋಕೆ ಆಗಲಿಲ್ಲ. ಈಗ ಅವನು ಹಾಕಿದ್ದನ್ನ ಕೆಡಿಸೋಕೆ ಪುರುಸೊತ್ತು ಸಿಕ್ತಾ? ಅವನೇನೋ ಬಾಯಿ ತಪ್ಪಿ ಒಂದು ಮಾತು ಅಂದ. ನಾನು ದಿನಾ ನಿಮಗೆ ಎಷ್ಟು ಅಂದಿಲ್ಲ? ನನ್ನನ್ನ ಕಾಡಿ. ಅವನನ್ನ ಬಿಡಿ."

ಗೋಡೆಯ ಒಳಗೆ ಪೈಪು ಗೊರ್ ಅಂತ ಗಂಟಲು ಸರಿಮಾಡಿಕೊಂಡಿತು. ಅವರು ಏನೋ ಹೇಳಬೇಕೆಂದು ಹೊರಟು, ಹೇಳದೆ ಬಿಡುವಾಗ ಮಾಡುತ್ತಿದ್ದ ಸದ್ದು ಅದೇ. ಮೇಲಿನ ಟ್ಯಾಂಕು ಖಾಲಿಯಾದರೆ ಗಾಳಿ ಹೊಕ್ಕು ಹಾಗಾಗುತ್ತದೆ ಅಂತ ಅವರೇ ಒಮ್ಮೆ ಹೇಳಿದ್ದರು. ಹೇಳಿದ್ದು ನೆನಪಾಯಿತು, ಆದರೂ ಬಾಗಿಲ ಚಿಲಕ ತೆಗೆಯಲು ಕೈ ಬರಲಿಲ್ಲ. ಹಾಗೇ ನಿಂತಿದ್ದೆ. ಒಂದು ಹನಿ ಬಿತ್ತು. ಬಾಗಿಲಾಚೆ ಅತ್ತೆ "ಹೂಂ" ಅಂದರು.

ಅವತ್ತು ಸಂಜೆ ಮೈದುನ ಬಂದ ಕೂಡಲೇ ಅವನ ಚೀಲ ಹಿಡಿದು ಬಚ್ಚಲಿಗೆ ಎಳೆದುಕೊಂಡು ಹೋದೆ. "ಬಿಚ್ಚು. ನನ್ನ ಎದುರಿಗೆ ಬಿಚ್ಚಿ ನನ್ನ ಎದುರಿಗೇ ಹಾಕು. ನಾನು ಟಾರ್ಚು ಹಿಡೀತೀನಿ. ನಿಮ್ಮಣ್ಣ ಎಲ್ಲಿಂದ ಬರ್ತಾರೋ ನಾನೂ ನೋಡ್ತೀನಿ."

ಅವನಿಗೆ ಇಷ್ಟವಿರಲಿಲ್ಲ, ಆದರೆ ನನ್ನ ಬಾಯಿಗೆ ಹೆದರಿದ. ನೀರು ನಿಲ್ಲಿಸಿ, ಮಿಕ್ಸರು ಕಳಚಿ, ನಿಪ್ಪಲ್ಲು ತಿರುಗಿಸಿ ಹೊರತೆಗೆದ. ಹಳೇ ಟೇಪು ಕಿತ್ತು, ತಂತಿಬ್ರಷ್ಷಿನಿಂದ ಥ್ರೆಡ್ಡು ಉಜ್ಜಿ, ಹೊಸ ಟೇಪು ಸುತ್ತಿದ. ಚೊಕ್ಕಟ ಕೆಲಸ, ಒಂದು ಸುಕ್ಕಿಲ್ಲ. ಆಮೇಲೆ ಎಲ್ಬೋಗೆ ಕೊಟ್ಟು ಬಲಕ್ಕೆ ತಿರುಗಿಸತೊಡಗಿದ. ನಾನು ಟಾರ್ಚು ಹತ್ತಿರ ಹಿಡಿದೆ.

ಟೇಪಿನ ತುದಿ ಮೇಲಕ್ಕೆದ್ದಿತು. ನಿಪ್ಪಲ್ಲು ಒಳಗೆ ಹೋದ ಹಾಗೆಲ್ಲ ಟೇಪು ಒಳಗೆ ಹೋಗದೆ, ಹಿಂದಕ್ಕೆ ಸರಿದು, ಬಾಯಿಯ ಹತ್ತಿರ ಮುದುಡಿ ಮುದುಡಿ ಗಂಟಾಯಿತು. ಅವನು ಅದನ್ನು ಬೆರಳಿನಿಂದ ಸವರಿ ತೆಗೆದು ಕೆಳಗೆ ಬಿಸಾಡಿ ರೆಂಚು ಹಾಕಿದ. ಅದು ಹಾಗೇ ಆಗಬೇಕಾದ್ದು ಅನ್ನುವಂತೆ.

ಹೊಲಿಗೆ ಮಷೀನಿನಲ್ಲಿ ಬಾಬಿನ್ ತಿರುಗುಮುರುಗಾಗಿ ಹಾಕಿದರೆ ದಾರ ಹೀಗೇ ಬಟ್ಟೆಯ ಅಡಿಯಲ್ಲಿ ಗಂಟು ಕಟ್ಟುತ್ತದೆ. ಸುತ್ತಿದ ದಿಕ್ಕೂ ಎಳೆಯುವ ದಿಕ್ಕೂ ಒಂದಕ್ಕೊಂದು ಹೊಂದಬೇಕು. ಇಲ್ಲದಿದ್ದರೆ ಬಿಗಿಯುವುದೇ ಬಿಚ್ಚುವುದಾಗುತ್ತದೆ.

ಬಗ್ಗಿ ಆ ಮುದುಡಿದ ಟೇಪಿನ ಚೂರು ಎತ್ತಿಕೊಂಡೆ. ಬಿಳಿಯ ಹುಳುವಿನ ಹಾಗೆ ಹೊಸೆದುಕೊಂಡಿತ್ತು. ಅದನ್ನು ಟಾರ್ಚಿನ ಬೆಳಕಿಗೆ ಹಿಡಿದೆ. ಈ ಚೂರು ನನಗೆ ಗೊತ್ತು. ಇಂಥವನ್ನು ನಾನು ವರ್ಷಗಟ್ಟಲೆ ನನ್ನ ಗಂಡನ ಅಂಗಿಯ ಜೇಬಿನಿಂದ ಹೆಕ್ಕಿದ್ದೇನೆ. ಒಗೆಯುವ ಮುಂಚೆ ಜೇಬು ನೋಡದಿದ್ದರೆ ಕಪ್ಪು ಬಟ್ಟೆಗೆಲ್ಲ ಅಂಟಿಕೊಂಡು ಪ್ರಾಣ ತಿನ್ನುತ್ತಿದ್ದವು. "ಈ ಕಸಾನ ಅಲ್ಲೇ ಬಿಸಾಡಿ ಬರೋಕೇನು ದಾಡಿ ನಿಮಗೆ? ಮನೆಗೆ ತಂದು ಮ್ಯೂಸಿಯಂ ಮಾಡ್ತೀರಾ?" ಅಂತ ಅಂದದ್ದಕ್ಕೆ ಲೆಕ್ಕವಿಲ್ಲ. ಅವರು ಗಂಟಲು ಸರಿಮಾಡಿಕೊಂಡು ಸುಮ್ಮನಾಗುತ್ತಿದ್ದರು. ಆ ಚೂರು ಸಿಗುತ್ತಿದ್ದದ್ದು ಸಂಜೆ ಅವರೊಬ್ಬರೇ "ಒಂದು ಸಣ್ಣ ಕೆಲಸ ಬಾಕಿ ಇದೆ, ಬಂದೆ" ಅಂತ ಮತ್ತೆ ಹೊರಗೆ ಹೋಗಿ ಬಂದ ದಿನಗಳಲ್ಲಿ.

ಮೈದುನ ನೀರು ಬಿಟ್ಟ. "ಈಗ ಸೋರಲ್ಲ. ಬೆಳಗ್ಗೆ ನೋಡಿ," ಅಂದ ದಣಿದ ದನಿಯಲ್ಲಿ. ಅವನು ಹೋದ ಮೇಲೂ ನಾನು ಆ ಚೂರು ಹಿಡಿದು ಅಲ್ಲೇ ನಿಂತಿದ್ದೆ.

ಅತ್ತೆಯ ಹತ್ತಿರ ಹೋಗಿ ಕೂತೆ. "ಅತ್ತೆ, ಇವರಿಬ್ಬರೂ ಕೆಲಸ ಹೇಗೆ ಕಲಿತರು?"

ಮಕ್ಕಳ ಮಾತು ತೆಗೆದರೆ ಅವರಿಗೆ ಖುಷಿ. "ದೊಡ್ಡವನು ಅಂಗಡಿ ಮೇಸ್ತ್ರಿ ಹತ್ತಿರ ಕಲಿತ. ಚಿಕ್ಕವನಿಗೆ ಇವನೇ ಕಲಿಸಿದ್ದು, ಇದೇ ಪಡಸಾಲೆಯಲ್ಲಿ. ಪಕ್ಕದಲ್ಲಿ ಕೂತ್ಕೋ ಅಂದ್ರೆ ಕೇಳ್ತಿರಲಿಲ್ಲ ಅದು. ಅಣ್ಣನ ಮುಖ ಕಾಣಬೇಕು ಅದಕ್ಕೆ. ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತು, ಅವನು ಹೇಗೆ ಕೈ ಆಡಿಸಿದ್ರೆ ಇದು ಹಾಗೇ. ಕನ್ನಡಿ ನೋಡಿದ ಹಾಗಿರ್ತಿತ್ತು ಕಣೇ. ಅವನದು ಎಡಗೈ, ಇವನದು ಬಲಗೈ. ನಾನು ನೋಡಿ ನಗ್ತಿದ್ದೆ."

ನಾನು ನಗಲಿಲ್ಲ. ನನ್ನ ಗಂಡನ ಚೀಲ ಮಂಚದ ಕೆಳಗೆ ಹಾಗೇ ಇತ್ತು. ಅದರಲ್ಲಿ ಅವರು ಸುತ್ತಿಟ್ಟು, ಉಪಯೋಗಿಸದೆ ಉಳಿದ ನಿಪ್ಪಲ್ಲೊಂದು ಸಿಕ್ಕಿತು. ಬಟ್ಟೆ ಹಾಕಿ ನೋಡಲು ಗಿರಾಕಿಗಳಿಗೆಂದು ಇಟ್ಟ ನಿಲುಗನ್ನಡಿಯ ಮುಂದೆ ನಿಂತು, ಆ ಟೇಪನ್ನು ಬಿಚ್ಚಿ, ಅವರು ಸುತ್ತಿದ ದಿಕ್ಕಿನಲ್ಲೇ ಎಡಗೈಯಲ್ಲಿ ಮತ್ತೆ ಸುತ್ತಿದೆ. ಕನ್ನಡಿಯೊಳಗಿನ ಹೆಂಗಸು ಬಲಗೈಯಲ್ಲಿ ಹಿಂದುಮುಂದಾಗಿ ಸುತ್ತಿದಳು. ಅವಳ ಕೈ ನನ್ನ ಮೈದುನನ ಕೈಯಂತೆಯೇ ಆಡುತ್ತಿತ್ತು.

ಎಲ್ಲ ತಿಳಿಯಿತು. ತಿಳಿದದ್ದು ಒಂದರ ಹಿಂದೆ ಒಂದು ಬಂತು, ನಾನು ಬೇಡ ಅಂದರೂ ಬಂತು. ತಮ್ಮ ಮೊದಲ ಸಲ ತಪ್ಪು ಸುತ್ತಿದಾಗ ಇವರು ಕಂಡಿರಬೇಕು. ಹೇಳಿದರೆ ನೊಂದುಕೊಳ್ಳುತ್ತಾನೆ ಅಂತ ತಾವೇ ಹೋಗಿ ಬಿಚ್ಚಿ ಸರಿಯಾಗಿ ಸುತ್ತಿ ಬಂದಿರಬೇಕು. ನಾಳೆ ಹೇಳಿದರಾಯಿತು ಅಂದುಕೊಂಡಿರಬೇಕು. ಆ ನಾಳೆ ನನ್ನ ಶವರಿನ ನಾಳೆಯಂಥದ್ದೇ. ಎರಡನೇ ಸಲ ಹೇಳುವುದು ಇನ್ನೂ ಕಷ್ಟ, ಹತ್ತನೇ ಸಲ ಹೇಳಲು ಬಾಯೇ ಬರುವುದಿಲ್ಲ. ಕಿತ್ತ ಚೂರು ಅಲ್ಲೇ ಬಿಟ್ಟರೆ ಬೆಳಗ್ಗೆ ತಮ್ಮನ ಕಣ್ಣಿಗೆ ಬೀಳುತ್ತದೆ ಅಂತ ಜೇಬಿಗೆ ಹಾಕಿಕೊಂಡು ಬಂದರು. ಅವನ ಜಾಯಿಂಟು ಯಾವತ್ತೂ ಸೋರಲಿಲ್ಲ. ಅವನ ಹಿಂದೆಯೇ ಹೋಗಿ ಬಿಚ್ಚುವ ಕೈಯೊಂದು ನಿಜವಾಗಿಯೂ ಇತ್ತು. ಅದು ಇಲ್ಲವಾದ ಮೇಲೆ ಸೋರತೊಡಗಿತು.

ಅವರು ಬಿದ್ದ ಆ ಸಂಜೆ ಆ ಏಣಿ ಯಾಕೆ ಹತ್ತಿದ್ದರು ಅನ್ನುವುದೂ ತಿಳಿಯಿತು. ನಿಪ್ಪಲ್ಲನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ.

ಸಿಟ್ಟು ಬಂತು. ಇಂಥ ಒಳ್ಳೆಯತನ ಯಾರಿಗೆ ಬೇಕಾಗಿತ್ತು? ಒಂದು ದಿನ ತಲೆಗೆ ಮೊಟಕಿ "ಹಿಂಗಲ್ಲ ಕಣೋ, ಹಿಂಗೆ" ಅಂದಿದ್ದರೆ ಮುಗಿದುಹೋಗುತ್ತಿತ್ತು. ಹೇಳಬೇಕಾದ ಮಾತನ್ನು ನುಂಗಿ ನುಂಗಿ, ಈಗ ನನ್ನ ಗಂಟಲಲ್ಲಿ ಬಿಟ್ಟು ಹೋದರು. ನಾನು ಹೇಳಿದರೆ ತಮ್ಮನನ್ನು ಕಾಡುವ ಅಣ್ಣ ಹೊರಟುಹೋಗುತ್ತಾನೆ. ಆದರೆ ಆ ಜಾಗಕ್ಕೆ ಬಂದು ಕೂರುವುದು ಏನು? 'ನಿನ್ನ ಜಾಯಿಂಟು ಸರಿಮಾಡಲು ಹೋಗಿ ನಿನ್ನಣ್ಣ ಸತ್ತ.' ದೆವ್ವವನ್ನಾದರೂ ಬಿಡಿಸಬಹುದು, ಇದನ್ನು ಬಿಡಿಸುವುದು ಹೇಗೆ? ಹೇಳದಿದ್ದರೆ ಅವನು ಗೋಡೌನಿಗೆ ಹೋಗುತ್ತಾನೆ.

ಬೆಳಗಾಗುವಷ್ಟರಲ್ಲಿ ಒಂದು ನಿರ್ಧಾರಕ್ಕೆ ಬಂದೆ. ಕೈಯನ್ನು ಸರಿಮಾಡುತ್ತೇನೆ, ಕಾರಣ ನನ್ನ ಹೊಟ್ಟೆಯಲ್ಲೇ ಇರಲಿ.

ಬೆಳಗ್ಗೆ ನಿಪ್ಪಲ್ಲು ಜಿನುಗುತ್ತಿತ್ತು. ಮೈದುನ ಅದನ್ನು ನೋಡಿ ಬಟ್ಟೆ ಮಡಚಿ ಚೀಲಕ್ಕೆ ತುಂಬತೊಡಗಿದ. ನಾನು ಚೀಲ ಕಸಿದು ಅತ್ತೆಯ ಮಂಚದ ಮೇಲೆ ಎಸೆದೆ.

"ಹೋಗೋನು ಹೋಗು. ನನ್ನ ಬಚ್ಚಲು ಕೆಡಿಸಿಟ್ಟು ಹೋಗಬೇಡ. ಇನ್ನೊಂದು ಸಲ ಸುತ್ತು. ಬಾ, ಇಲ್ಲಿ ನನ್ನ ಪಕ್ಕ ಕೂತ್ಕೋ."

"ನಿಮಗೇನು ಗೊತ್ತು ಅತ್ತಿಗೆ ಇದರಲ್ಲಿ?"

"ನನಗೆ ಪೈಪು ಗೊತ್ತಿಲ್ಲ. ದಾರ ಸುತ್ತೋದು ಗೊತ್ತು. ನಿಮ್ಮಣ್ಣ ಇಲ್ಲೇ ಕೂತು ಸುತ್ತುವಾಗ ನಾನು ಪಕ್ಕದಲ್ಲಿ ಹೊಲೀತಿದ್ದೆ. ಥ್ರೆಡ್ಡಿನ ಬಾಯಿ ನಿನ್ನ ಕಡೆ ಹಿಡಿ. ಈಗ ಗಡಿಯಾರದ ಮುಳ್ಳು ಹೋದ ಹಾಗೆ ಸುತ್ತು. ಹಾಗಲ್ಲ. ಹೀಗೆ."

ಅವನ ಕೈ ಒಪ್ಪಲಿಲ್ಲ. ಹಳೇ ಅಭ್ಯಾಸಕ್ಕೇ ಓಡಿತು. ಮಣಿಕಟ್ಟು ಹಿಡಿದು ತಿರುಗಿಸಿದೆ. ಎರಡು ಸಲ ಕೆಡಿಸಿ, ಮೂರನೇ ಸಲ ಸರಿಯಾಗಿ ಸುತ್ತಿ, ಬೆರಳಿನಿಂದ ಒತ್ತಿ ಕೂರಿಸಿದ. ಬಚ್ಚಲಿಗೆ ಹೋಗಿ ಎಲ್ಬೋಗೆ ಕೊಟ್ಟು ತಿರುಗಿಸಿದ. ಟೇಪು ಒಂದು ಕೂದಲೆಳೆಯಷ್ಟೂ ಹಿಂದೆ ಬರಲಿಲ್ಲ. ನಿಪ್ಪಲ್ಲು ಕೈಯಲ್ಲೇ ಬಹಳ ದೂರ ಒಳಗೆ ಹೋಯಿತು, ಆಮೇಲೆ ರೆಂಚಿಗೆ ಸಿಕ್ಕಿ ಬಿಗಿಯಾಗಿ ನಿಂತಿತು. ಅವನು ರೆಂಚು ಹಿಡಿದ ಕೈಯನ್ನೇ ನೋಡಿಕೊಂಡ. ಆ ಬಿಗಿ ಅವನಿಗೆ ಹೊಸದು. ಮಿಕ್ಸರಿನ ಜಾಯಿಂಟೂ, ಮೇಲಿನ ಕೊಳವೆಯ ಜಾಯಿಂಟೂ ಹಾಗೇ ಬಿಚ್ಚಿ ಸುತ್ತಿದ.

ನೀರು ಬಿಟ್ಟೆವು. ನಾನು ಹೋಗಿ ಮಷೀನಿನ ಮುಂದೆ ಕೂತೆ, ತುಳಿಯಲಿಲ್ಲ. ಅವನು ಬಾಗಿಲಿಗೆ ಒರಗಿ ನಿಂತ. ಮಧ್ಯಾಹ್ನವಾಯಿತು. ಬಿಸಿಲು ಕಿಟಕಿಯಿಂದ ಸರಿದು ಗೋಡೆಗೆ ಹೋಯಿತು. ಸದ್ದಿಲ್ಲ. ಆ ಸದ್ದಿಲ್ಲದ ಮನೆಯಲ್ಲಿ ಮೂವರೂ ಕಿವಿ ನಿಮಿರಿಸಿ ಕೂತಿದ್ದೆವು. ಹನಿಗಿಂತ ಅದು ಹೆಚ್ಚು ಹೆದರಿಸಿತು.

"ಹೋದನೇನೇ?" ಅಂತ ಅತ್ತೆ ಕೇಳಿದರು. ನಾನು ಹೋಗಿ ಅವರ ಕೈ ಹಿಡಿದುಕೊಂಡೆ.

ಮೈದುನ ಬಟ್ಟೆಯಿಂದ ಜಾಯಿಂಟು ಒರೆಸಿ ಬಂದ. ಒಣಗಿತ್ತು. ಅವನ ಮುಖ ಅರಳಿತು, ಎಷ್ಟೋ ದಿನಕ್ಕೆ. "ತಿರುಗುಮುರುಗಾ ಸುತ್ತುತ್ತಿದ್ದೆ ಅಷ್ಟೇ ಅತ್ತಿಗೆ! ಅಣ್ಣ ಅಲ್ಲ. ಏನೂ ಇಲ್ಲ. ನಾನೇ ಇಷ್ಟು ವರ್ಷ..." ಅಲ್ಲಿಗೆ ನಿಂತ.

ನನಗೆ ಆ ಮಾತು ಅಲ್ಲೇ ಮುಗಿದರೆ ಸಾಕಾಗಿತ್ತು. "ಟೀ ಮಾಡ್ತೀನಿ ಇರು," ಅಂತ ಎದ್ದೆ.

"ಇಷ್ಟು ವರ್ಷ ಯಾಕೆ ಸೋರಲಿಲ್ಲ?"

"ಯಾರಿಗೆ ಗೊತ್ತು? ಆಗಿನ ಟೇಪು ಚೆನ್ನಾಗಿತ್ತೇನೋ."

"ಅದೇ ಟೇಪು ಅತ್ತಿಗೆ." ಅವನ ದನಿ ಇಳಿಯಿತು. "ಅಣ್ಣ ಇರೋವರೆಗೆ ಸೋರಲಿಲ್ಲ. ಎಷ್ಟೋ ಸಂಜೆ ಸಣ್ಣ ಕೆಲಸ ಬಾಕಿ ಇದೆ ಅಂತ ಒಬ್ಬನೇ ಹೋಗ್ತಿದ್ದ. ನೀನು ದಣಿದಿದೀಯ, ಮನೇಲಿರು ಅಂತಿದ್ದ." ಬಟ್ಟೆಯನ್ನು ಕೈಯಲ್ಲಿ ಹಿಂಡುತ್ತಲೇ ಇದ್ದ, ಅದರಲ್ಲಿ ನೀರಿರಲಿಲ್ಲ. "ಅವತ್ತು ಆ ಮನೆಗೆ ಯಾಕೆ ಹೋಗಿದ್ದ?"

ಇಡೀ ರಾತ್ರಿ ಆ ಪ್ರಶ್ನೆಗೆ ಉತ್ತರ ಕೂಡಿಸಿಟ್ಟಿದ್ದೆ. "ಸ್ಪ್ಯಾನರ್ ಮರೆತು ಬಂದಿದ್ದರಂತೆ. ತರೋಕೆ ಹೋದರು. ನನಗೆ ಹೇಳಿಯೇ ಹೋದರು. ನಾನೇ ನಿನಗೆ ಹೇಳೋಕೆ ಮರೆತೆ."

ಜಗಳ ಎಷ್ಟಾದರೂ ಆಡಬಲ್ಲೆ, ಸುಳ್ಳು ಹೇಳಿ ಅಭ್ಯಾಸವಿಲ್ಲ. ಅವನ ಮುಖ ನೋಡದೆ ಹೇಳಿದೆ. ಅವನು ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ.

"ನಾನು ಹಾಕಿದ ಎಲ್ಲ ಮನೆಯಿಂದಲೂ ಫೋನು ಬಂತು ಅತ್ತಿಗೆ. ಅವತ್ತಿನಿಂದ ಈಚೆಗೆ ಹಾಕಿದ್ದು, ಎಲ್ಲ. ಆ ಮನೆಯಿಂದ ಮಾತ್ರ ಬರಲಿಲ್ಲ."

ನಾನು ಒಲೆಯ ಮುಂದೆ ಹಾಗೇ ನಿಂತೆ. ಅವನು ಅಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡ. ಎಲ್ಲಿಗೆ ಅಂತ ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ. ಒಲೆ ಆರಿಸಿ ನಾನೂ ಹೊರಟೆ. ಸ್ಕೂಟರಿನ ಹಿಂದೆ ಕೂತು ಅವನ ಅಂಗಿ ಗಟ್ಟಿಯಾಗಿ ಹಿಡಿದುಕೊಂಡೆ.

ಆ ಮನೆಯವರು ನಮ್ಮನ್ನು ನೋಡಿ ಏನು ಮಾತಾಡಬೇಕೋ ತಿಳಿಯದೆ ಬಾಗಿಲು ಬಿಟ್ಟರು. ತಾರಸಿಗೆ ನಾನು ಬಂದದ್ದು ಅದೇ ಮೊದಲು. ಒಂದು ಮೂಲೆಯಲ್ಲಿ ಬಟ್ಟೆ ಒಣಗುತ್ತಿತ್ತು. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕಪ್ಪು ಟ್ಯಾಂಕು. ಗೋಡೆಗೆ ಮಲಗಿಸಿದ್ದ ಏಣಿಯನ್ನು ಮೈದುನ ಎತ್ತಿ ನಿಲ್ಲಿಸಿದ. ಬೇಡ ಅನ್ನಬೇಕು ಅನ್ನಿಸಿತು. ಅನ್ನಲಿಲ್ಲ. ಏಣಿಯ ಎರಡೂ ಕಾಲು ಹಿಡಿದು, ನನ್ನ ಮೈಭಾರವನ್ನೆಲ್ಲ ಅದಕ್ಕೆ ಕೊಟ್ಟು ನಿಂತೆ.

ಅವನು ಹತ್ತಿದ. ಟ್ಯಾಂಕಿನ ಬುಡದಲ್ಲಿ ಪೈಪು ಸೇರುವ ಜಾಯಿಂಟಿಗೆ ಕೈ ಇಟ್ಟ. ತುಂಬ ಹೊತ್ತು ಇಟ್ಟುಕೊಂಡೇ ಇದ್ದ. ಅವನ ಕಾಲು ನಡುಗುವುದು ಏಣಿಯಲ್ಲಿ ನನ್ನ ಕೈಗೆ ತಿಳಿಯುತ್ತಿತ್ತು.

"ಒಣಗಿದೆ ಅತ್ತಿಗೆ," ಅಂದ ಮೇಲಿನಿಂದ. "ಒಂದು ಹನಿ ಇಲ್ಲ. ಇದು ಅಣ್ಣ ಸುತ್ತಿದ್ದು."

"ಗೊತ್ತು," ಅಂದೆ. ನನ್ನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. "ಈಗ ಇಳಿ. ನಿಧಾನ ಇಳಿ. ನಾನು ಏಣಿ ಹಿಡಿದಿದೀನಿ."